ಯಲ್ಲಮ್ಮನ ಸೀಮೆಯಿಂದ ಗುರುನಾನಕ್ ಝೀರಾಕ್ಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬೀದರಕ್ಕೆ ಹೋದವರು ಹಗಲೆಲ್ಲ ಕೋಟೆ ಸುತ್ತಿ, ಮಹಮೂದ್ ಗವಾನನ ಮದರಸಾ ನೋಡಿ, ಹಸಿವಾದಾಗ ಗುರುನಾನಕ್ ಝೀರಾದ ಸಿಖ್ ಗುರುದ್ವಾರ ಹೊಕ್ಕು ಉಂಡು ಹೊರಡುವುದೇ ಹೆಚ್ಚು. ಇದನ್ನು ತಿರುವುಮುರುವು ಮಾಡಿ ಎಂದು ನನ್ನ ಸಲಹೆ. ಒಂದು ಸಂಜೆ, ಒಂದು ರಾತ್ರಿ, ಮರುದಿನದ ನಸುಕು ಇಷ್ಟನ್ನೂ ಗುರುದ್ವಾರಕ್ಕೆ ಇಟ್ಟು, ಮಿಕ್ಕ ಹೊತ್ತನ್ನು ಕೋಟೆಗೆ ಕೊಡಿ. ಕೋಟೆ ನೋಡುವುದು ಕಣ್ಣಿನ ಕೆಲಸ. ಗುರುದ್ವಾರದಲ್ಲಿ ಕೈಗೂ ಕೆಲಸ ಇದೆ.

ದಾರಿ ದೊಡ್ಡದು. ಬಾಗಲಕೋಟೆ, ವಿಜಯಪುರ, ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಮೇಲೆ ಹೋದರೆ ರಾಮದುರ್ಗದವರಿಗೂ ಒಂದು ಹಗಲು ಪೂರ್ತಿ ಬೇಕು. ಕಿತ್ತೂರಿನವರು ನಸುಕಿನಲ್ಲೇ ಹೊರಡಬೇಕು. ಕಲಬುರಗಿಯಿಂದ ಬೀದರ ಸುಮಾರು 110 ಕಿ.ಮೀ. 2017ರ ಅಕ್ಟೋಬರಿನಿಂದ ಈ ಎರಡರ ನಡುವೆ ರೈಲೂ ಓಡುತ್ತಿದೆ. ದಾರಿಗೆ ಬುತ್ತಿ ಕಟ್ಟಿಕೊಳ್ಳಿ, ಆದರೆ ರಾತ್ರಿ ಊಟದ ಚಿಂತೆ ಬೇಡ.

ಗುರುನಾನಕರು ಹದಿನಾರನೆಯ ಶತಮಾನದ ಆರಂಭದಲ್ಲಿ, ಸುಮಾರು 1510ರಿಂದ 1514ರ ನಡುವೆ, ದಕ್ಷಿಣದ ಯಾತ್ರೆಯಲ್ಲಿ ಇಲ್ಲಿ ತಂಗಿದ್ದರೆಂದು ಸಿಖ್ಖರ ನಂಬಿಕೆ. ಊರಿಗೆ ಕುಡಿಯಲು ಸಿಹಿ ನೀರಿರಲಿಲ್ಲ, ಜನ ಬಂದು ಬೇಡಿಕೊಂಡರು, ಗುರು ಗುಡ್ಡದ ಅಂಚಿನ ಕಲ್ಲೊಂದನ್ನು ಕಾಲಿನಿಂದ ಸರಿಸಿದರು, ನೀರು ಚಿಮ್ಮಿತು. ಆ ಒರತೆಯೇ ಝೀರಾ. ಸುರೇಬಾನದ ಶಬರಿಕೊಳ್ಳದಲ್ಲೋ ಸೊಗಲದ ಸೋಮೇಶ್ವರನ ಹತ್ತಿರವೋ ಬಂಡೆಯ ಸಂದಿನಿಂದ ನೀರು ಬರುವುದನ್ನು ಕಂಡವರಿಗೆ ಈ ಕಥೆ ಪರಕೀಯ ಅನ್ನಿಸದು. ಭೂವಿಜ್ಞಾನಿಗಳ ವಿವರಣೆ ಬೇರೆ: ಬೀದರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ತೂತುತೂತಾದ ಆ ಕಲ್ಲು ಮಳೆನೀರನ್ನು ಕುಡಿಯುತ್ತದೆ. ಕೆಳಗೆ ಗಟ್ಟಿ ಕಪ್ಪುಕಲ್ಲು ಅಡ್ಡ ಬಂದಾಗ ನೀರು ಅಂಚಿನಲ್ಲಿ ಒಸರುತ್ತದೆ. ಊರಿನ ಇನ್ನೊಂದು ಕಡೆಯ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ನಡೆಯುವುದೂ ಇಂಥ ಒರತೆಯ ಎದೆಮಟ್ಟ ನೀರಿನಲ್ಲೇ. ಎರಡು ವಿವರಣೆಗಳಲ್ಲಿ ಒಂದನ್ನು ಆರಿಸಿಕೊಂಡು ಹೋಗಬೇಕೆಂದೇನಿಲ್ಲ. ಬೊಗಸೆಯಲ್ಲಿ ಹಿಡಿದ ನೀರು ಹೇಗೂ ತಣ್ಣಗೇ ಇರುತ್ತದೆ.

ಈಗಿನ ಗುರುದ್ವಾರದ ಕಟ್ಟಡ 1948ರದು. ಎತ್ತರದ ಕಂಬದ ಮೇಲೆ ಕೇಸರಿ ಬಟ್ಟೆಯ ನಿಶಾನ್ ಸಾಹಿಬ್ ಧ್ವಜ ದೂರದಿಂದಲೇ ಕಾಣುತ್ತದೆ. ಬಾಗಿಲಲ್ಲಿ ಮಾಡಬೇಕಾದ ಕೆಲಸ ಮೂರು: ಚಪ್ಪಲಿ ಬಿಡುವುದು, ಕೈಕಾಲು ತೊಳೆಯುವುದು, ತಲೆ ಮುಚ್ಚುವುದು. ಗಂಡಸು, ಹೆಂಗಸು, ಮಕ್ಕಳು ಯಾರಿಗೂ ವಿನಾಯಿತಿ ಇಲ್ಲ. ಹೆಗಲ ಮೇಲಿನ ಟಾವೆಲ್ಲೇ ಸಾಕು, ಹೆಂಗಸರಿಗೆ ಸೆರಗು ಸಾಕು. ಇವಕ್ಕಿಂತ ಮುಖ್ಯವಾದ ಮಾತೊಂದಿದೆ, ನಮ್ಮ ಕಡೆಯವರಿಗೆ ಅದನ್ನು ಒತ್ತಿ ಹೇಳಬೇಕು. ತಂಬಾಕು ಸಿಖ್ಖರಿಗೆ ಕಡುನಿಷಿದ್ಧ. ಸೇದುವುದು, ತಿನ್ನುವುದು ಹಾಗಿರಲಿ, ಅಂಗಿಯ ಕಿಸೆಯಲ್ಲಿ ಗುಟಕಾ ಚೀಟಿ ಇಟ್ಟುಕೊಂಡು ಒಳಗೆ ಹೋಗುವುದೂ ತಪ್ಪು. ಬೀಡಿ, ಎಲೆಯಡಿಕೆಯ ಚೀಲದಲ್ಲಿನ ತಂಬಾಕು, ಎಲ್ಲವನ್ನೂ ಗಾಡಿಯಲ್ಲೇ ಬಿಟ್ಟು ಹೋಗಿ. ಕುಡಿದು ಹೋಗುವ ಮಾತಂತೂ ಇಲ್ಲವೇ ಇಲ್ಲ.

ಒಳಗೆ ಮೂರ್ತಿ ಇಲ್ಲ. ಯಲ್ಲಮ್ಮನಗುಡ್ಡದಲ್ಲಿ ಬಂಡಾರ ಹಾರಿಸಿ, ಪಡಲಗಿ ತುಂಬಿಸಿ ರೂಢಿಯಾದವರಿಗೆ ಮೊದಲು ಕೈ ಖಾಲಿ ಅನ್ನಿಸುತ್ತದೆ. ಕಾಯಿ, ಕರ್ಪೂರ, ಕುಂಕುಮ ಒಯ್ಯಬೇಡಿ. ಮಂಚದ ಮೇಲೆ ರೇಷ್ಮೆ ವಸ್ತ್ರದ ನಡುವೆ ಇರುವುದು ಗುರು ಗ್ರಂಥ ಸಾಹಿಬ್, 1430 ಪುಟಗಳ ಗ್ರಂಥ. ಹತ್ತು ಮನುಷ್ಯ ಗುರುಗಳ ನಂತರ ಸಿಖ್ಖರಿಗೆ ಇದೇ ಗುರು, ಹಾಗಾಗಿ ನಡೆಸಿಕೊಳ್ಳುವುದೂ ಬದುಕಿರುವ ಹಿರಿಯರಂತೆ. ನಸುಕಿನಲ್ಲಿ ತೆರೆದು ಕೂರಿಸುತ್ತಾರೆ, ಮೇಲೆ ಚಾಮರ ಬೀಸುತ್ತಾರೆ, ರಾತ್ರಿ ಮುಚ್ಚಿ ಮೆರವಣಿಗೆಯಲ್ಲಿ ಮಲಗುವ ಕೋಣೆಗೆ ಒಯ್ಯುತ್ತಾರೆ. ಮುಂದೆ ಹೋಗಿ ಹಣೆ ನೆಲಕ್ಕೆ ಮುಟ್ಟಿಸಿ, ಬೆನ್ನು ತಿರುಗಿಸದೆ ಹಿಂದೆ ಸರಿದು, ನೆಲದ ಮೇಲೆ ಕಾಲು ಮಡಚಿ ಕೂತುಕೊಳ್ಳಿ. ಗ್ರಂಥದ ಕಡೆ ಕಾಲು ಚಾಚಬಾರದು. ಹಾರ್ಮೋನಿಯಂ, ತಬಲಾ ಜೊತೆ ಕೀರ್ತನೆ ನಡೆಯುತ್ತಿರುತ್ತದೆ. ಭಾಷೆ ತಿಳಿಯದಿದ್ದರೂ ನಡುವೆ ಏಳಬೇಡಿ. ಎಲ್ಲರೂ ಎದ್ದು ಕೈಮುಗಿದು ನಿಂತರೆ ಅದು ಅರ್ದಾಸ್, ಪ್ರಾರ್ಥನೆ; ನೀವೂ ನಿಲ್ಲಿ. ಆಮೇಲೆ ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಕಡಾ ಪ್ರಸಾದ ಬರುತ್ತದೆ. ಒಂದು ಕೈ ಚಾಚಬೇಡಿ, ಎರಡೂ ಕೈ ಜೋಡಿಸಿ ಒಡ್ಡಿ. ತುಪ್ಪ ಧಾರಾಳ, ಕೈ ಒರೆಸಲು ವಸ್ತ್ರ ಇರಲಿ.

ಪಂಢರಪುರಕ್ಕೆ ದಿಂಡಿ ಹೋಗುವ ಮನೆತನದವರು ನಿಮ್ಮಲ್ಲಿದ್ದರೆ ಅವರಿಗೊಂದು ಸಂಗತಿ ಹೇಳಿ ಕರೆದುಕೊಂಡು ಹೋಗಿ. ಆ ಗ್ರಂಥದಲ್ಲಿ ಗುರುಗಳ ವಾಣಿ ಮಾತ್ರ ಇಲ್ಲ. ಕಬೀರ, ರವಿದಾಸ, ಸೂಫಿ ಸಂತ ಫರೀದರ ಜೊತೆ ವಾರಕರಿಗಳ ನಾಮದೇವರ 61 ಪದಗಳೂ ಇವೆ, ಅವುಗಳಲ್ಲಿ ವಿಠ್ಠಲನ ಹೆಸರೂ ಬರುತ್ತದೆ. ಸಿಂಪಿಗ ನಾಮದೇವರ ವಾಣಿಗೆ ಪಂಜಾಬಿನ ಶ್ರೀಮಂತ ಜಮೀನ್ದಾರನೂ ಹಣೆ ಹಚ್ಚಬೇಕು.

ಇನ್ನು ಲಂಗರ್. ಹಗಲು ರಾತ್ರಿ ಯಾರು ಬಂದರೂ ಊಟ, ದುಡ್ಡಿಲ್ಲ, ಜಾತಿ ಕೇಳುವುದಿಲ್ಲ. ದಾಸೋಹ ಕಂಡ ನಮಗೆ ಇದರ ತತ್ತ್ವ ವಿವರಿಸಬೇಕಾಗಿಲ್ಲ. ದುಡಿದು ತಿನ್ನು, ಹಂಚಿ ತಿನ್ನು, ನಾಮ ಸ್ಮರಿಸು ಎಂಬ ಸಿಖ್ಖರ ಮೂರು ಕಟ್ಟಳೆಗಳನ್ನು ಕೇಳಿದ ಬೈಲಹೊಂಗಲದ ಅಜ್ಜ ಕಾಯಕ, ದಾಸೋಹ ಎಂದು ತಾನೇ ಪೂರ್ತಿ ಮಾಡಿಯಾನು. ಆದರೆ ಪದ್ಧತಿಯಲ್ಲಿ ಸಣ್ಣ ವ್ಯತ್ಯಾಸಗಳಿವೆ. ಸಾಲಿನಲ್ಲಿ ನೆಲದ ಮೇಲೆ ಎಲ್ಲರೂ ಸಮನಾಗಿ ಕೂರಬೇಕು, ಸಾಹುಕಾರರಿಗೆ ಬೇರೆ ಜಾಗ ಇಲ್ಲ. ರೊಟ್ಟಿಯನ್ನು ತಾಟಿಗೆ ಹಾಕುವುದಿಲ್ಲ, ಒಡ್ಡಿದ ಎರಡು ಕೈಗೆ ಇಡುತ್ತಾರೆ. ಬೇಳೆ, ಪಲ್ಯ ಎಷ್ಟು ಸಲ ಬೇಕಾದರೂ ಕೇಳಿ, ತಾಟಿನಲ್ಲಿ ಮಾತ್ರ ಬಿಡಬೇಡಿ. ಜೋಳದ ರೊಟ್ಟಿ ಹುಡುಕಬೇಡಿ, ಇಲ್ಲಿರುವುದು ಗೋಧಿಯದು.

ಉಂಡು ಎದ್ದು ಹೋಗಿಬಿಟ್ಟರೆ ಅರ್ಧ ಪ್ರವಾಸ. ಪಾತ್ರೆ ತೊಳೆಯುವ ಕಡೆ ಹೋಗಿ ತೋಳು ಮಡಚಿ ನಿಂತರೆ ಜಾಗ ಮಾಡಿಕೊಡುತ್ತಾರೆ. ಹಿಟ್ಟು ಲಟ್ಟಿಸುವಲ್ಲಿ, ಬೆಳ್ಳುಳ್ಳಿ ಸುಲಿಯುವಲ್ಲಿ, ನೆಲ ಒರೆಸುವಲ್ಲಿ, ಚಪ್ಪಲಿ ಕಾಯುವಲ್ಲಿ ಸೇವೆಗೆ ಅರ್ಜಿ ಬೇಕಿಲ್ಲ. ಕೆಳಗಿನದೆಂದು ಜಗತ್ತು ತಿಳಿದ ಕೆಲಸಕ್ಕೇ ಇಲ್ಲಿ ಬೇಡಿಕೆ. ಹರೆಯದ ಮಕ್ಕಳನ್ನು ಮೊಬೈಲಿನಿಂದ ಬಿಡಿಸಲು ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಅವರೇನಾದರೂ ಸಿಖ್ಖರ ಸೊಂಟದ ಕಿರ್ಪಾಣ್ ಕತ್ತಿ ಕಂಡು ಹೆದರಿದರೆ ತಿಳಿಸಿ: ಕತ್ತರಿಸದ ಕೂದಲು, ಬಾಚಣಿಗೆ, ಕಡಗ, ಕಚ್ಛೆಯ ಜೊತೆ ಅದೂ ದೀಕ್ಷೆ ಪಡೆದವರ ಐದು ಗುರುತುಗಳಲ್ಲಿ ಒಂದು.

ಆ ದೀಕ್ಷೆಗೂ ಈ ಊರಿಗೂ ನಂಟಿದೆ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು ಕತ್ತಿ ಹಿರಿದು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದ ಐವರಲ್ಲಿ ಒಬ್ಬರು ಬೀದರದ ಕ್ಷೌರಿಕ ಸಾಹಿಬ್ ಚಂದ್. ಮುಂದೆ ಭಾಯಿ ಸಾಹಿಬ್ ಸಿಂಗ್ ಆಗಿ ಚಮಕೌರ್ ಯುದ್ಧದಲ್ಲಿ ಪ್ರಾಣ ಕೊಟ್ಟರು. ಹಡಪದ ಅಪ್ಪಣ್ಣನನ್ನು ನೆನೆಯುವ ನಾಡಿನಿಂದ ಹೋದವರು ಪಂಚ ಪ್ಯಾರೆಯರೆಂಬ ಆ ಐವರ ಚಿತ್ರದ ಮುಂದೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಾರೆ.

ಬೀದರದಿಂದ ಸುಮಾರು 10 ಕಿ.ಮೀ. ದೂರದ ಜನವಾಡವನ್ನು ಪ್ರವಾಸಿಗಳು ಬಿಟ್ಟುಬಿಡುತ್ತಾರೆ. ಕಿತ್ತೂರು, ಬೈಲಹೊಂಗಲದವರು ಬಿಡಬಾರದು. 1705ರಲ್ಲಿ ಖಿದ್ರಾಣದ ಕಾಳಗಕ್ಕೆ, ಗುರು ಗೋವಿಂದ ಸಿಂಗರನ್ನು ತೊರೆದು ಬಂದಿದ್ದ ನಲವತ್ತು ಮಂದಿಯನ್ನು ಹೀಯಾಳಿಸಿ ಹುರಿದುಂಬಿಸಿ ತಿರುಗಿ ಕರೆದೊಯ್ದ ಹೆಣ್ಣುಮಗಳು ಮಾಯಿ ಭಾಗೋ. ಆ ನಲವತ್ತೂ ಮಂದಿ ಅಲ್ಲಿ ಬಿದ್ದರು, ಆಕೆ ಗಾಯಗೊಂಡು ಉಳಿದಳು. 1708ರಲ್ಲಿ ನಾಂದೇಡದಲ್ಲಿ ಗುರು ತೀರಿಕೊಂಡ ಮೇಲೆ ಜನವಾಡಕ್ಕೆ ಬಂದು ಧ್ಯಾನದಲ್ಲಿ ಕೊನೆಯ ದಿನ ಕಳೆದಳೆಂದು ಪರಂಪರೆ ಹೇಳುತ್ತದೆ. ಅಲ್ಲೊಂದು ಗುರುದ್ವಾರ ಇದೆ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನ ಸಮಾಧಿ ನೋಡುತ್ತ ಬೆಳೆದವರಿಗೆ ಈ ಹೆಂಗಸಿನ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಯಾವಾಗ ಹೋಗಬೇಕು? ಗುರುನಾನಕ್ ಜಯಂತಿ ನಮ್ಮ ಗೌರಿ ಹುಣ್ಣಿಮೆಯ ದಿನವೇ. ಅಂದಿನ ಮೆರವಣಿಗೆಯಲ್ಲಿ ಅಲಂಕರಿಸಿದ ವಾಹನದ ಮೇಲೆ ಗ್ರಂಥ, ಮುಂದೆ ಬರಿಗಾಲಲ್ಲಿ ಪಂಚ ಪ್ಯಾರೆಯರ ಪ್ರತೀಕವಾಗಿ ಐವರು, ಕತ್ತಿ ಕೋಲಿನ ಗತ್ಕಾ ಆಟ, ದಾರಿಯುದ್ದಕ್ಕೂ ಪ್ರಸಾದ: ಇವನ್ನು ನೋಡಬೇಕೆನ್ನುವವರು ಆಗಲೇ ಹೋಗಲಿ. ಭಾರತ ಹುಣ್ಣಿಮೆಯಲ್ಲಿ ಯಲ್ಲಮ್ಮನಗುಡ್ಡ ಹತ್ತಿದವರಿಗೆ ನೂಕುನುಗ್ಗಲು ಹೊಸದಲ್ಲ, ಆದರೆ ಕೋಣೆ ಸಿಗುವುದು ಕಷ್ಟ. ಹೋಳಿಯಲ್ಲೂ ಏಪ್ರಿಲ್ ಮಧ್ಯದ ಬೈಸಾಖಿಯಲ್ಲೂ ಜನ ಸೇರುತ್ತಾರೆ, ಬಿಸಿಲೂ ಸೇರುತ್ತದೆ. ಶಾಂತವಾಗಿ ಕೂತು ಕೀರ್ತನೆ ಕೇಳುವ ಆಸೆ ಇದ್ದರೆ ಡಿಸೆಂಬರ್, ಜನವರಿಯ ವಾರದ ದಿನಗಳು ಚೆಲೋ. ಆವರಣದಲ್ಲೇ ಯಾತ್ರಿಗಳಿಗೆ ಕೋಣೆಗಳಿವೆ, ಗುರುತಿನ ಚೀಟಿ ಒಯ್ಯಿರಿ. ಫೋಟೊ ತೆಗೆಯುವ ಮೊದಲು ಸೇವಾದಾರರನ್ನು ಕೇಳಿ. ಕನ್ನಡದಲ್ಲೇ ಕೇಳಬಹುದು, ಬೀದರದಲ್ಲಿ ನಡೆಯುತ್ತದೆ. ‘ಸತ್ ಶ್ರೀ ಅಕಾಲ್’ ಎಂದು ಶುರುಮಾಡಿದರೆ ಇನ್ನೂ ಚೆಲೋ.

ಮರಳುವಾಗ ಬಂದ ದಾರಿಯನ್ನೇ ಹಿಡಿಯದೆ, ಸುಮಾರು 80 ಕಿ.ಮೀ. ದೂರದ ಬಸವಕಲ್ಯಾಣದ ಮೇಲೆ ಬನ್ನಿ. ಇನ್ನೆರಡು ದಿನ ಕೈಯಲ್ಲಿದ್ದರೆ ಉತ್ತರಕ್ಕೆ ಹೊರಳಿ ನಾಂದೇಡಕ್ಕೆ ಹೋಗಬಹುದು. ಗುರು ಗೋವಿಂದ ಸಿಂಗರು ತೀರಿಕೊಂಡ ಆ ಜಾಗದಲ್ಲಿ ರಣಜಿತ್ ಸಿಂಗ್ ಮಹಾರಾಜ 1830ರ ದಶಕದಲ್ಲಿ ಕಟ್ಟಿಸಿದ ಹಜೂರ್ ಸಾಹಿಬ್ ಇದೆ. ಸಿಖ್ಖರ ಐದು ಪೀಠಗಳಲ್ಲಿ ನಮಗೆ ಹತ್ತಿರದ್ದು ಅದೇ.