ಗಿರಣಿಯ ಹುಡುಗ ಜ್ಯಾಕ್ ಲಂಡನ್

ಅಮೆರಿಕದ ಕಾದಂಬರಿಕಾರ ಜ್ಯಾಕ್ ಲಂಡನ್ 1876ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದನು. ಮನೆಯಲ್ಲಿ ಬಡತನ, ಹುಡುಗನಿರುವಾಗಲೇ ಕಾರಖಾನೆಯ ದುಡಿಮೆ. ಹದಿನೇಳರ ಹರೆಯದಲ್ಲಿ ಸೀಲ್ ಬೇಟೆಯ ಹಡಗನ್ನೇರಿ ಜಪಾನಿನ ಕಡಲಿಗೆ ಹೋದನು. ಮರಳಿ ಬಂದು ಸೆಣಬಿನ ಗಿರಣಿ ಸೇರಿದನು; ಕೂಲಿ ಗಂಟೆಗೆ 10 ಸೆಂಟು. ಅದೇ 1893ರಲ್ಲಿ, ತಾನು ಕಂಡ ಬಿರುಗಾಳಿಯನ್ನು ವರ್ಣಿಸಿ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ 25 ಡಾಲರು ಬಹುಮಾನ ಗೆದ್ದನು. ಗಿರಣಿಯ ಲೆಕ್ಕದಲ್ಲಿ ಅದು 250 ಗಂಟೆಗಳ ಕೂಲಿ!

ಬರೆಯುವ ಈ ಬಲ ಎಲ್ಲಿಂದ ಬಂದಿತು? ಓಕ್‌ಲೆಂಡ್ ನಗರದ ಉಚಿತ ಪುಸ್ತಕಾಲಯದಿಂದ. ಅಲ್ಲಿನ ಗ್ರಂಥಪಾಲಕಿ, ಕವಯಿತ್ರಿ ಐನಾ ಕೂಲ್‌ಬ್ರಿತ್ ಅವರು ಬಾಲಕನ ಓದಿಗೆ ದಾರಿ ತೋರಿದ್ದರು.

1897ರಲ್ಲಿ ಚಿನ್ನವನ್ನರಸಿ ಕೆನಡಾದ ಕ್ಲಾಂಡೈಕಿಗೆ ನಡೆದನು. ದಕ್ಕಿದ್ದು ಚಿನ್ನವಲ್ಲ, ಸ್ಕರ್ವಿ ರೋಗ. ಆದರೆ ಆ ಹಿಮದ ನಾಡಿನ ಅನುಭವವೇ 1903ರಲ್ಲಿ ‘ದಿ ಕಾಲ್ ಆಫ್ ದಿ ವೈಲ್ಡ್’ ಎಂಬ ನಾಯಿಯ ಕಥೆಯಾಗಿ ಅವನಿಗೆ ಕೀರ್ತಿ ತಂದಿತು. 1909ರ ‘ಮಾರ್ಟಿನ್ ಈಡನ್’ ಸ್ವಂತ ಓದಿನಿಂದಲೇ ಲೇಖಕನಾದ ನಾವಿಕನ ಕಥೆ. ದಿನಕ್ಕೆ ಸಾವಿರ ಪದ ಬರೆಯುವುದು ಲಂಡನ್ನನ ನೇಮವಾಗಿತ್ತು. 1916ರಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ವಾಚಕ ಬಂಧುಗಳೇ, ಎಲ್ಲರೂ ಲಂಡನ್ ಆಗಲಾರೆವು. ಆದರೂ ಪಾಳಿ ಮುಗಿದ ಮೇಲಿನ ಅರ್ಧ ಗಂಟೆ ನಮ್ಮದೇ. ಪುಸ್ತಕಕ್ಕೆ ಇಲ್ಲಿ ಕಾಸು ಕೊಡಬೇಕಿಲ್ಲ, ಬಂದು ಓದಿರಿ.