ಕಪ್ ಆಮೇಲೆ ಕೊಡಿ, ಮೊದಲು ಜೊತೆಗಿರಿ

ಕೆ. ಹೊಸಕೋಟೆ ಹೋಬಳಿಯ ಯುವಕ ಸಂಘದವರೇ, ನಿಮಗೊಂದು ಮಾತು. ಶಾಲೆ ಬಿಟ್ಟು, ಗುಟ್ಕಾ ಜಗಿಯುತ್ತಾ, ಮೊಬೈಲಿನಲ್ಲಿ ಬೆಟ್ಟಿಂಗ್ ಕಟ್ಟುತ್ತಾ ಕೂತ ಹುಡುಗನನ್ನು ಕಂಡರೆ 'ಇವನು ಕೆಟ್ಟ' ಎಂದು ಮುಖ ತಿರುಗಿಸುತ್ತೀರಿ. ಅವನನ್ನು ಹೆಸರು ಹಿಡಿದು ಕರೆದು ಕಬಡ್ಡಿಗೆ ಇಳಿಸಿದವರು ನಿಮ್ಮಲ್ಲಿ ಎಷ್ಟು ಜನ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಶಾಮಿಯಾನ, ಬ್ಯಾನರ್, ನಗದು ಬಹುಮಾನದಿಂದ ಶುರು ಮಾಡಬೇಡಿ. ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ವಾರಕ್ಕೆ ಎರಡೇ ಸಂಜೆ ಸಾಕು, ಆದರೆ ತಪ್ಪಿಸಬೇಡಿ. ಕಾಫಿ ಕುಯ್ಲಿನ ಕಾಲದಲ್ಲಿ ಅಪ್ಪ ಅಮ್ಮ ತೋಟದಲ್ಲಿರುತ್ತಾರೆ, ಲೈನ್ ಮನೆಯ ಮಕ್ಕಳನ್ನು ಕೇಳುವವರಿರುವುದಿಲ್ಲ. ಆಗಲೇ ಅವರಿಗೆ ನಿಮ್ಮ ಅಗತ್ಯ ಹೆಚ್ಚು. ಆನೆ ಓಡಾಡುವ ಸೀಮೆ ನಮ್ಮದು. ಬೆಳಕಿರುವಾಗಲೇ ಆಟ ಮುಗಿಸಿ, ಮಕ್ಕಳನ್ನು ಗುಂಪಾಗಿ ಮನೆ ಮುಟ್ಟಿಸಿ. ಮಳೆಗಾಲದಲ್ಲಿ ಹೆಡ್ ಮಾಸ್ಟರನ್ನು ಕೇಳಿ ಶಾಲೆಯ ಜಗಲಿಯಲ್ಲಿ ಕೇರಂ, ಚೆಸ್ ಆಡಿಸಿ.

ನಡುವೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಡತೊಡಗಿತು. ಅವರಲ್ಲಿ ಕೆಲವರು ದೇಶಕ್ಕಾಗಿ ಓಡಿದರು. 1993ರಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಊರಿಗೆ, ಕೂಲಿಗೆ ಮರಳಿದರು. ಶಕ್ತಿಗೆ ಕೊರತೆಯಿರಲಿಲ್ಲ, ಕೊನೆಯವರೆಗೆ ಜೊತೆ ನಿಲ್ಲುವವರಿರಲಿಲ್ಲ. ಆ ತಪ್ಪು ನಿಮ್ಮಿಂದ ಆಗಬಾರದು.

ಚೆನ್ನಾಗಿ ಆಡುವವನಿಗೇ ಎಲ್ಲ ಹೊಣೆ ಕೊಡುವ ಚಾಳಿ ಬಿಡಿ. ತುಂಟನ ಕೈಗೆ ಸೀಟಿ ಕೊಡಿ, ಸಿಟ್ಟಿನವನಿಗೆ ಸ್ಕೋರ್ ಪುಸ್ತಕ ಒಪ್ಪಿಸಿ, ನಾಯಕತ್ವ ಎಲ್ಲರಿಗೂ ಸರದಿಯಲ್ಲಿ ಬರಲಿ. ಆರು ತಿಂಗಳು ಕಳೆದ ಮೇಲೆ ಚಿಕ್ಕವರಿಗೆ ಅವರೇ ಕಲಿಸಲಿ. ಮೈದಾನಕ್ಕೆ ಏನು ಬೇಕೆಂದು ಮಕ್ಕಳ ಗ್ರಾಮ ಸಭೆಯಲ್ಲಿ ಅವರೇ ಎದ್ದು ಕೇಳಲಿ. ನೀವು ಪಕ್ಕದಲ್ಲಿ ಕೂತರೆ ಸಾಕು.

ಹೊಡೆಯಬೇಡಿ, ಹತ್ತು ಜನರ ಮುಂದೆ ಹೀಯಾಳಿಸಬೇಡಿ, ಜಾತಿ ಎತ್ತಬೇಡಿ. ಕುಡಿದು ಮೈದಾನಕ್ಕೆ ಬರಲೇಬೇಡಿ. ಮಕ್ಕಳು ನಿಮ್ಮ ಮಾತಿಗಿಂತ ನಿಮ್ಮ ನಡತೆಯನ್ನೇ ಕಲಿಯುತ್ತಾರೆ. ಹೆಣ್ಣುಮಕ್ಕಳನ್ನು ಚಪ್ಪಾಳೆ ತಟ್ಟಲು ಮಾತ್ರ ಕರೆಯದೆ ಆಟಕ್ಕೂ ಕರೆಯಿರಿ, ಜೊತೆಗೊಬ್ಬ ಹಿರಿಯ ಹೆಂಗಸು ಇರಲಿ. ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವುದು ಅಪರಾಧ, ಶಾಲೆಯಿಂದ 100 ಮೀಟರ್ ಒಳಗಂತೂ ಯಾರಿಗೂ ಮಾರುವಂತಿಲ್ಲ. ಅಂಗಡಿಯವರಿಗೆ ಇದನ್ನು ನೀವೇ ಹೋಗಿ ಹೇಳಿ. ಮನೆಯಲ್ಲಿ ಹಿಂಸೆಯಿದೆ ಎಂದು ಮಗು ಹೇಳಿಕೊಂಡರೆ ಊರೆಲ್ಲ ಸುದ್ದಿ ಮಾಡದೆ 1098ಕ್ಕೆ ಫೋನ್ ಮಾಡಿ. ಆಟ ಶಾಲೆ ತಪ್ಪಿಸಲು ನೆಪವಾಗದಿರಲಿ. ಬಿಟ್ಟವನನ್ನು ಮರಳಿ ಸೇರಿಸುವ ತನಕ ಅವನ ಮನೆಗೂ ಶಾಲೆಗೂ ಓಡಾಡಿ.

ನಿಮ್ಮ ಮನಸ್ಸು ಒಳ್ಳೆಯದೆಂದು ಬಲ್ಲೆ, ಅದಕ್ಕೇ ಇಷ್ಟು ಹೇಳಿದೆ. ಈ ಭಾನುವಾರವೇ ಒಬ್ಬ ಹುಡುಗನನ್ನು ಕರೆತನ್ನಿ. ಮುಂದಿನ ಭಾನುವಾರ ಅವನು ಬರದಿದ್ದರೆ ಮನೆಗೆ ಹೋಗಿ ವಿಚಾರಿಸಿ.