ಕೊಲೆಸ್ಟ್ರಾಲ್ ಮಾತ್ರೆ ಕೈಬಿಡದೆ ಗೆಲ್ಲುವ ಸೂತ್ರಗಳು

ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಬರೆಯುವ ಮಾತ್ರೆ ಬಹುಪಾಲು ಸ್ಟಾಟಿನ್ ಗುಂಪಿನದು. ನಿಮ್ಮ ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ ನೋಡಿ: ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಎಂದಿರುತ್ತದೆ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆ ಇರುವವರು ಇದನ್ನು ವರ್ಷಗಟ್ಟಲೆ ನುಂಗಬೇಕಾಗುತ್ತದೆ. ಮಾತ್ರೆ ಶುರುವಾಯಿತೋ ಇಲ್ಲವೋ, ಸುತ್ತಲಿನವರ ಎಚ್ಚರಿಕೆಗಳೂ ಶುರುವಾಗುತ್ತವೆ. ಕಾಲು ಹೋಗುತ್ತೆ, ಲಿವರ್ ಕೆಡುತ್ತೆ, ಶುಗರ್ ಬರುತ್ತೆ, ಮರೆವು ಹಿಡಿಯುತ್ತೆ! ಇದರಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವಕ್ಕೆ ತಳಬುಡವಿಲ್ಲ. ಯಾವುದು ಯಾವುದೆಂದು ತಿಳಿಯದೆ ಎಷ್ಟೋ ಜನ ವೈದ್ಯರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ತೊಂದರೆ ಬಂದರೆ ಪರಿಹಾರಕ್ಕೆ ಹಲವು ದಾರಿಗಳಿವೆ. ಆದರೆ ಹೇಳದೆ ಬಿಟ್ಟವರಿಗೆ ಅವು ಸಿಗುವುದಿಲ್ಲ ಎಂಬುದೇ ನನ್ನ ಕಳವಳ.

1. ಈ ಮಾತ್ರೆ ಯಾಕೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ

ನಮ್ಮ ರಕ್ತದ ಕೊಲೆಸ್ಟ್ರಾಲ್‌ನಲ್ಲಿ ದೊಡ್ಡ ಪಾಲು ಊಟದಿಂದ ಬಂದದ್ದಲ್ಲ, ಲಿವರ್ ತಯಾರಿಸಿದ್ದು. ಆ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಸ್ಟಾಟಿನ್ ತಡೆಯುತ್ತದೆ. ಆಗ ಲಿವರ್ ತನಗೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ, ರಕ್ತದಲ್ಲಿನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುತ್ತದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟುಗಳನ್ನು ಸಾವಿರಗಟ್ಟಲೆ ಶೋಧಿಸಿ ಇದರ ಮೊದಲ ರೂಪವನ್ನು ಕಂಡುಹಿಡಿದರು. 1987ರಲ್ಲಿ ಲೋವಾಸ್ಟಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನದ ಫಲಿತಾಂಶ ಬಂದಾಗ, ಐದು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ನುಂಗಿದವರಲ್ಲಿ ಸಾವಿನ ಪ್ರಮಾಣ ಶೇ. 30ರಷ್ಟು ಕಡಿಮೆಯಾಗಿತ್ತು. ಮಾತ್ರೆಯಿಂದ ಸಿಗುವುದು ಇಂಥ ಲಾಭ ಎಂದು ಗೊತ್ತಿದ್ದವರು ಸಣ್ಣ ನೋವಿಗೆ ಅದನ್ನು ಬಿಡುವುದಿಲ್ಲ.

2. ಶುರುಮಾಡುವ ಮೊದಲೇ ಇರುವ ನೋವುಗಳನ್ನು ಬರೆದಿಡಿ

ಐವತ್ತು ದಾಟಿದವರಿಗೆ ಮಂಡಿ, ಸೊಂಟ, ಹೆಗಲು ಎಲ್ಲಾದರೂ ಒಂದು ಕಡೆ ನೋವು ಇದ್ದೇ ಇರುತ್ತದೆ. ಮಾತ್ರೆ ಶುರುವಾದ ಮೇಲೆ ಹಳೆಯ ನೋವೂ ಅದರ ಲೆಕ್ಕಕ್ಕೇ ಸೇರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಎಲ್ಲವನ್ನೂ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ಮಾತ್ರೆ ಶುರುವಾದ ದಿನಕ್ಕೆ ಸುತ್ತು ಹಾಕಿ. ಆ ದಿನ ಎಲ್ಲೆಲ್ಲಿ ನೋವಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಹೊಸ ನೋವು ಬಂದ ದಿನವನ್ನೂ ಬರೆಯಿರಿ. "ಏನೋ ಡಾಕ್ಟ್ರೇ, ಮೈಯೆಲ್ಲ ನೋವು" ಎನ್ನುವುದಕ್ಕಿಂತ "ಮಾತ್ರೆ ತಗೊಂಡು ಮೂರನೇ ವಾರಕ್ಕೆ ಎರಡೂ ತೊಡೆ ಹಿಡಿದುಕೊಂಡವು" ಎಂಬ ಮಾತು ವೈದ್ಯರಿಗೆ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತದೆ.

3. ನೋವಿನ ಗುಣ ಗುರುತಿಸಿ

ಸ್ಟಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿ ಬರುತ್ತದೆ. ತೊಡೆ, ಮೀನಖಂಡ, ಪೃಷ್ಠ, ಹೆಗಲಿನಂಥ ದೊಡ್ಡ ಸ್ನಾಯುಗಳಲ್ಲಿ ಕಾಣುತ್ತದೆ. ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಬರುತ್ತದೆ, ನಿಲ್ಲಿಸಿದ ಕೆಲವು ವಾರಗಳಲ್ಲಿ ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಬಲ ಸಾಲದು, ನೆಲದಲ್ಲಿ ಕೂತವರು ಏಳಲು ಗೋಡೆ ಹಿಡಿಯಬೇಕು ಎಂಬಂಥ ನಿಶ್ಶಕ್ತಿ ಹೊಸದಾಗಿ ಬಂದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಒಂದೇ ಮಂಡಿಯ ಊತ, ಒಂದು ಕಾಲಿಗೆ ಮಾತ್ರ ಸೊಂಟದಿಂದ ಇಳಿಯುವ ಸೆಳೆತ, ಬೆರಳ ಗೆಣ್ಣುಗಳ ನೋವು, ಇವಕ್ಕೆ ಬೇರೆ ಕಾರಣ ಇರುವ ಸಂಭವವೇ ಹೆಚ್ಚು.

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಒಂದು ದೊಡ್ಡ ವಿಶ್ಲೇಷಣೆ ಪ್ರಕಟಿಸಿತು. ಸ್ಟಾಟಿನನ್ನು ಔಷಧಿಯಿಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿದ್ದ 19 ಅಧ್ಯಯನಗಳ, ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದು. ನಿಜ ಮಾತ್ರೆ ನುಂಗಿದವರಲ್ಲಿ ಶೇ. 27.1 ಮಂದಿ ಸ್ನಾಯು ನೋವು ಹೇಳಿದರೆ, ಹುಸಿ ಮಾತ್ರೆಯವರಲ್ಲಿ ಶೇ. 26.6 ಮಂದಿ ಹೇಳಿದ್ದರು. ಮಾತ್ರೆಯಿಂದಲೇ ಬಂದ ಹೆಚ್ಚುವರಿ ನೋವು ಮುಖ್ಯವಾಗಿ ಮೊದಲ ವರ್ಷದ್ದು, ಸಾವಿರ ಮಂದಿಯಲ್ಲಿ ಸುಮಾರು 11 ಮಂದಿಗೆ. ಆ ಹನ್ನೊಂದು ಮಂದಿಯ ನೋವು ಸುಳ್ಳಲ್ಲ. ಅವರಿಗೆ ಬೇರೆ ವ್ಯವಸ್ಥೆ ಆಗಲೇಬೇಕು. ಉಳಿದವರು ಮಾತ್ರ ತಮ್ಮ ನೋವಿಗೆ ನಿಜವಾದ ಕಾರಣ ಹುಡುಕಬೇಕು.

4. ಭಯವೂ ನೋವು ತರುತ್ತದೆ ಎಂದು ಒಪ್ಪಿಕೊಳ್ಳಿ

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಸ್ಯಾಮ್ಸನ್ ಎಂಬ ಅಧ್ಯಯನವನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅಡ್ಡ ಪರಿಣಾಮ ತಾಳಲಾರದೆ ಸ್ಟಾಟಿನ್ ಬಿಟ್ಟಿದ್ದ 60 ಮಂದಿಯನ್ನು ಅವರು ಆರಿಸಿಕೊಂಡರು. ಒಬ್ಬೊಬ್ಬರಿಗೂ ಹನ್ನೆರಡು ಸೀಸೆ, ತಿಂಗಳಿಗೊಂದರಂತೆ. ನಾಲ್ಕರಲ್ಲಿ ಅಟೋರ್ವಾಸ್ಟಾಟಿನ್, ನಾಲ್ಕರಲ್ಲಿ ಹುಸಿ ಮಾತ್ರೆ, ನಾಲ್ಕು ಖಾಲಿ. ಯಾವ ತಿಂಗಳು ಯಾವುದು ಬರುತ್ತದೆಂದು ಮೊದಲೇ ಹೇಳುವಂತಿರಲಿಲ್ಲ. ಮಾತ್ರೆ ಇದ್ದ ತಿಂಗಳು ಅದು ನಿಜವೋ ಹುಸಿಯೋ ಎಂದೂ ತಿಳಿಯುತ್ತಿರಲಿಲ್ಲ. ದಿನವೂ ತಮ್ಮ ಕಷ್ಟಕ್ಕೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕು.

ಖಾಲಿ ತಿಂಗಳುಗಳಲ್ಲಿ ಸರಾಸರಿ ಅಂಕ 8. ನಿಜ ಮಾತ್ರೆಯ ತಿಂಗಳುಗಳಲ್ಲಿ 16.3. ಹುಸಿ ಮಾತ್ರೆಯ ತಿಂಗಳುಗಳಲ್ಲಿ 15.4! ಕಷ್ಟ ನಿಜ, ಅದನ್ನು ಅವರು ಅನುಭವಿಸಿದ್ದೂ ನಿಜ. ಆದರೆ ಅದರ ಬಹುಪಾಲು ಬಂದದ್ದು ಮಾತ್ರೆಯೊಳಗಿನ ಔಷಧಿಯಿಂದಲ್ಲ, ಮಾತ್ರೆ ನುಂಗುತ್ತಿದ್ದೇನೆ ಎಂಬ ಆತಂಕದಿಂದ. ಅವರವರ ಅಂಕಪಟ್ಟಿಯನ್ನು ಅವರ ಮುಂದಿಟ್ಟಾಗ ಅರ್ಧದಷ್ಟು ಮಂದಿ ಮತ್ತೆ ಮಾತ್ರೆ ಶುರುಮಾಡಿದರು. ಮನೆಯವರು "ನಿಂಗೆ ಎಲ್ಲಾ ಭ್ರಮೆ" ಎಂದು ಗದರಿಸಲು ಈ ಅಧ್ಯಯನವನ್ನು ಬಳಸಬಾರದು. ನೋವು ತಿನ್ನುವವರಿಗೆ ಧೈರ್ಯ ಹೇಳಲು ಬಳಸಬೇಕು.

5. ಮೂತ್ರದ ಬಣ್ಣ ಕೆಟ್ಟರೆ ಕಾಯಬೇಡಿ

ಇದೊಂದನ್ನು ಮಾತ್ರ ತುರ್ತು ಎಂದು ತಿಳಿಯಿರಿ. ತೀವ್ರ ಸ್ನಾಯು ನೋವು, ಕೈಕಾಲು ಎತ್ತಲಾರದ ನಿಶ್ಶಕ್ತಿ, ಜೊತೆಗೆ ಕೋಲಾ ಅಥವಾ ಕಪ್ಪು ಚಹಾದ ಬಣ್ಣದ ಮೂತ್ರ ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯುಗಳು ಒಡೆದು ಅವುಗಳೊಳಗಿನ ಪ್ರೋಟೀನ್ ಕಿಡ್ನಿಯನ್ನು ಕಟ್ಟಿಹಾಕುತ್ತಿರಬಹುದು. ವೈದ್ಯರು ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಹೀಗೆ ಸ್ನಾಯು ಒಡೆಯುವುದು ತೀರಾ ಅಪರೂಪ, ಹತ್ತು ಸಾವಿರದಲ್ಲಿ ಒಬ್ಬರಿಗೂ ಬರುವುದು ಕಷ್ಟ. ಆದರೂ ಇದನ್ನು ಹಗುರವಾಗಿ ನೋಡಬಾರದು. ಸೆರಿವಾಸ್ಟಾಟಿನ್ ಎಂಬ ಸ್ಟಾಟಿನ್ ಇದೇ ತೊಂದರೆಯಿಂದ ಹಲವರ ಜೀವ ತೆಗೆದದ್ದರಿಂದ ಬೇಯರ್ ಕಂಪನಿ 2001ರ ಆಗಸ್ಟ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಮಾತ್ರೆಯ ಜೊತೆ ಅದನ್ನು ಕೊಟ್ಟಾಗ ಅಪಾಯ ಬಹಳ ಹೆಚ್ಚಿತ್ತು. ಮುಂದಿನ ಸೂತ್ರ ಆ ಪಾಠದಿಂದಲೇ ಬಂದದ್ದು.

6. ಎಲ್ಲ ಸ್ಟ್ರಿಪ್‌ಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ

ನಮ್ಮಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ಆಸ್ಪತ್ರೆಯಿಂದ ಬಿಡುಗಡೆಯಾದವರಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಸ್ಟಾಟಿನ್ ಮೂರೂ ಒಂದೇ ಕ್ಯಾಪ್ಸೂಲಿನಲ್ಲಿರುವ ಔಷಧಿ ಬರೆದಿರುತ್ತಾರೆ. ಮನೆಯ ಡಬ್ಬಿಯಲ್ಲಿ ಹಳೆಯ ವೈದ್ಯರು ಬರೆದ ಅಟೋರ್ವಾಸ್ಟಾಟಿನ್ ಸ್ಟ್ರಿಪ್ ಇನ್ನೂ ಇರುತ್ತದೆ. ಬ್ರಾಂಡ್ ಹೆಸರು ಬೇರೆ, ಬಣ್ಣ ಬೇರೆ, ಹಾಗಾಗಿ ಎರಡೂ ಒಳಗೆ ಹೋಗುತ್ತವೆ. ದಿನಕ್ಕೆ ಎರಡು ಸ್ಟಾಟಿನ್! ಮುಂಭಾಗದ ದಪ್ಪ ಹೆಸರನ್ನು ಬಿಟ್ಟು, ಹಿಂಬದಿಯ ಸಣ್ಣಕ್ಷರದಲ್ಲಿ "ಸ್ಟಾಟಿನ್" ಎಂದು ಮುಗಿಯುವ ಪದ ಎಷ್ಟು ಸ್ಟ್ರಿಪ್‌ಗಳ ಮೇಲಿದೆ ಎಂದು ಎಣಿಸಿ. ಕಣ್ಣು ಮಂಜಾದವರು ಮಕ್ಕಳಿಂದ ಓದಿಸಲಿ, ಇಲ್ಲವೇ ಮೆಡಿಕಲ್ ಶಾಪಿನವರನ್ನು ಕೇಳಲಿ.

ಅಲ್ಪಾವಧಿಗೆ ಬರುವ ಔಷಧಿಗಳ ಮೇಲೂ ಕಣ್ಣಿಡಿ. ಕೆಮ್ಮು, ಗಂಟಲು ನೋವಿಗೆ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಕೊಡುತ್ತಾರೆ. ಹುಳುಕಡ್ಡಿಗೆ ಈಗ ಎಲ್ಲೆಡೆ ಇಟ್ರಾಕೊನಜೋಲ್ ಕೊಡುತ್ತಾರೆ, ಅದೂ ವಾರಗಟ್ಟಲೆ. ಇವು ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ದೇಹದಿಂದ ಕರಗಿಹೋಗುವುದನ್ನು ತಡೆದು ರಕ್ತದಲ್ಲಿ ಅವುಗಳ ಮಟ್ಟ ಏರಿಸುತ್ತವೆ. ಚರ್ಮದ ವೈದ್ಯರಿಗೆ ನಿಮ್ಮ ಹೃದಯದ ಮಾತ್ರೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಆ ಕೆಲವು ದಿನ ಸ್ಟಾಟಿನ್ ನಿಲ್ಲಿಸುವುದೋ, ಬೇರೆ ಔಷಧಿ ಬರೆಯುವುದೋ ಅವರ ತೀರ್ಮಾನ. ರಕ್ತದೊತ್ತಡದ ಡಿಲ್ಟಿಯಾಜೆಮ್, ವೆರಪಾಮಿಲ್, ಗೌಟ್ ನೋವಿನ ಕೊಲ್ಚಿಸಿನ್ ಕೂಡ ಎಚ್ಚರ ಬೇಕಾದ ಪಟ್ಟಿಯಲ್ಲಿವೆ. ಹೊಟ್ಟೆ ಉರಿಗೆ ಕುಡಿಯುವ ಬಿಳಿ ಆಂಟಾಸಿಡ್ ದ್ರವ ಇದಕ್ಕೆ ವಿರುದ್ಧ, ಅದು ರೋಸುವಾಸ್ಟಾಟಿನ್ ಮೈಗೆ ಹತ್ತದಂತೆ ಮಾಡುತ್ತದೆ. ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಕುಡಿಯಿರಿ.

7. ಚಕ್ಕೋತದ ಬಗ್ಗೆ ಒಂದು ಮಾತು

ವಿದೇಶಿ ಪುಸ್ತಕಗಳಲ್ಲಿ ಸ್ಟಾಟಿನ್ ಜೊತೆ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ನಮ್ಮಲ್ಲಿ ಗ್ರೇಪ್‌ಫ್ರೂಟ್ ತಿನ್ನುವವರು ಕಡಿಮೆ. ಆದರೆ ಅದರ ಹತ್ತಿರದ ಬಂಧು ನಮ್ಮ ಚಕ್ಕೋತ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿಯ ಹಣ್ಣೂ ಅದೇ. ಎರಡರಲ್ಲೂ ಮಾತ್ರೆಯನ್ನು ಕರಗಿಸುವ ಕರುಳಿನ ಕಿಣ್ವವನ್ನು ತಡೆಯುವ ಒಂದೇ ಜಾತಿಯ ರಾಸಾಯನಿಕಗಳಿವೆ. ಸಿಮ್ವಾಸ್ಟಾಟಿನ್ ನುಂಗುವವರು ಚಕ್ಕೋತವನ್ನು ದೂರ ಇಡುವುದು ಕ್ಷೇಮ. ಅಟೋರ್ವಾಸ್ಟಾಟಿನ್‌ನವರು ಹೆಚ್ಚು ತಿನ್ನಬಾರದು. ರೋಸುವಾಸ್ಟಾಟಿನ್‌ಗೆ ಈ ತಂಟೆ ಇಲ್ಲ. ಮೂಸಂಬಿ, ಕಿತ್ತಳೆ ಧಾರಾಳವಾಗಿ ತಿನ್ನಿ.

8. ಥೈರಾಯ್ಡ್ ನೋಡಿಸಿ

ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಕೊಲೆಸ್ಟ್ರಾಲ್ ಏರುತ್ತದೆ, ಸ್ನಾಯುಗಳೂ ನೋಯುತ್ತವೆ. ಆ ಸ್ಥಿತಿಯಲ್ಲಿ ಸ್ಟಾಟಿನ್ ಕೊಟ್ಟರೆ ನೋವು ಇನ್ನಷ್ಟು ಹೆಚ್ಚಬಹುದು. ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ತೊಡೆ ನೋವೆಂದು ಮಾತ್ರೆ ಬಿಟ್ಟು ಕೂತಿದ್ದರು. ವೈದ್ಯರು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದರು, ಹೆಚ್ಚಿತ್ತು, ಅಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆ. ಥೈರಾಯ್ಡ್ ಮಾತ್ರೆ ಹಿಡಿದ ಮೇಲೆ ನೋವು ಇಳಿಯಿತು, ಅದೇ ಸ್ಟಾಟಿನ್ ಈಗ ಒಗ್ಗಿದೆ. ಮಧ್ಯವಯಸ್ಸಿನ ಹೆಂಗಸರು ಈ ಪರೀಕ್ಷೆಯನ್ನು ಮರೆಯಲೇಬಾರದು. ವಿಟಮಿನ್ ಡಿ ಕೊರತೆಯೂ ಮೈಕೈ ನೋವಿಗೆ ಕಾರಣ, ಅದನ್ನೂ ಕೇಳಿ ನೋಡಿಸಿ.

9. ಶುಗರ್ ಸ್ವಲ್ಪ ಏರಬಹುದು, ಲೆಕ್ಕ ಮಾಡಿ ನೋಡಿ

ಇದು ನಿಜ. 2010ರ ಒಂದು ವಿಶ್ಲೇಷಣೆಯ ಪ್ರಕಾರ 255 ಮಂದಿ ನಾಲ್ಕು ವರ್ಷ ಸ್ಟಾಟಿನ್ ನುಂಗಿದರೆ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ ಬರುತ್ತದೆ. ಅಷ್ಟೇ ಮಂದಿಯಲ್ಲಿ ಅಷ್ಟೇ ಕಾಲದಲ್ಲಿ ತಪ್ಪುವ ಹೃದಯಾಘಾತ ಮತ್ತು ಹೃದಯದ ಸಾವುಗಳು ಸುಮಾರು ಐದು. ಈಗಾಗಲೇ ಗಡಿಯಲ್ಲಿ ಶುಗರ್ ಇರುವವರಿಗೆ, ಹೊಟ್ಟೆ ಬಂದವರಿಗೆ, ಹೆಚ್ಚು ಡೋಸ್‌ನವರಿಗೆ ಸಂಭವ ಜಾಸ್ತಿ. ಮಾತ್ರೆ ಶುರುಮಾಡುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ಎಂಬ ಶುಗರ್ ಪರೀಕ್ಷೆ ಮಾಡಿಸಿ. ರಾತ್ರಿಯ ಅನ್ನ ಕಡಿಮೆ ಮಾಡಿ, ಊಟವಾದ ಮೇಲೆ ನಡೆಯಿರಿ. ಶುಗರ್ ಬಂದವರಿಗೆ ಸ್ಟಾಟಿನ್ ಇನ್ನೂ ಹೆಚ್ಚು ಅಗತ್ಯ ಎಂಬುದನ್ನೂ ಮರೆಯಬೇಡಿ.

10. ಲಿವರ್ ಮತ್ತು ಮರೆವು

ಲಿವರ್‌ಗೆ ಗಂಭೀರ ಪೆಟ್ಟು ಬೀಳುವುದು ಬಹಳ ಅಪರೂಪ. ಹಾಗಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ, ಲಕ್ಷಣವಿಲ್ಲದವರಿಗೆ ಪದೇ ಪದೇ ಲಿವರ್ ಪರೀಕ್ಷೆ ಬೇಡ, ಶುರುವಿನಲ್ಲಿ ಒಮ್ಮೆ ಸಾಕು ಎಂದಿತು. ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ ಹೋಗಿ. ಮರೆವು ಕೆಲವರಲ್ಲಿ ವರದಿಯಾಗಿದೆ, ಮಾತ್ರೆ ನಿಲ್ಲಿಸಿದರೆ ಹೋಗುವಂಥದ್ದು.

11. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ

ಸಾಮಾನ್ಯವಾಗಿ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಸ್ಟಾಟಿನ್ ನಿಲ್ಲಿಸುತ್ತಾರೆ.

12. ಡೋಸ್ ಬಗ್ಗೆ ಮಾತಾಡಲು ಸಂಕೋಚ ಬೇಡ

ಏಷ್ಯಾ ಮೂಲದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಮಟ್ಟ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಏರುತ್ತದೆ. ಭಾರತೀಯರೂ ಇದರಲ್ಲಿ ಸೇರಿದ್ದಾರೆ. ಅದಕ್ಕೇ ಅಮೆರಿಕದಲ್ಲಿ ಏಷ್ಯನ್ನರಿಗೆ 5 ಮಿಲಿಗ್ರಾಂನಿಂದ ಶುರುಮಾಡಲು ಹೇಳುತ್ತಾರೆ. ಇನ್ನೊಂದು ಸಂಗತಿ: ಸ್ಟಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇ. 6ರಷ್ಟು ಮಾತ್ರ. ಆದ್ದರಿಂದ ನೋವು ಬಂದವರಿಗೆ ವೈದ್ಯರ ಮುಂದೆ ಆಯ್ಕೆಗಳಿವೆ. ಕೆಲವು ವಾರ ನಿಲ್ಲಿಸಿ ನೋಡಬಹುದು, ಸ್ಟಾಟಿನ್ ಬದಲಿಸಬಹುದು, ಡೋಸ್ ಇಳಿಸಿ ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು, ದಿನ ಬಿಟ್ಟು ದಿನ ಕೊಡಬಹುದು. ಯಾವ ಸ್ಟಾಟಿನೂ ಒಗ್ಗದವರಿಗೆ ಬೆಂಪೆಡೋಯಿಕ್ ಆಮ್ಲದ ಮಾತ್ರೆ ಇದೆ, ಆದರೆ ಅದು ಯೂರಿಕ್ ಆಮ್ಲ ಏರಿಸುತ್ತದೆ, ಗೌಟ್ ಇದ್ದವರು ಹೇಳಬೇಕು. ಪಿಸಿಎಸ್‌ಕೆ9 ಗುಂಪಿನ ಚುಚ್ಚುಮದ್ದುಗಳಿವೆ, ಇನ್‌ಕ್ಲಿಸಿರಾನ್ ಎಂಬುದನ್ನು ಆರಂಭದ ಡೋಸ್‌ಗಳ ನಂತರ ಆರು ತಿಂಗಳಿಗೊಮ್ಮೆ ಚುಚ್ಚಿದರೆ ಸಾಕು. ಬೆಲೆ ಹೆಚ್ಚು ಎಂಬುದೊಂದೇ ದೊಡ್ಡ ಅಡ್ಡಿ.

13. ರಿಪೋರ್ಟ್ ನಾರ್ಮಲ್ ಬಂತೆಂದು ಬಿಡಬೇಡಿ

ನಾರ್ಮಲ್ ಬಂದದ್ದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಏರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಅಚ್ಚಾಗಿರುವ ಗಡಿ ಎಲ್ಲರಿಗೂ ಒಂದೇ ಅಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸಾಮಾನ್ಯ ಜನರ ಎಲ್‌ಡಿಎಲ್ 100ಕ್ಕಿಂತ, ಹೆಚ್ಚು ಅಪಾಯ ಇರುವವರದು 70ಕ್ಕಿಂತ, ಹೃದಯಾಘಾತವಾದವರಂಥ ಅತಿ ಅಪಾಯದವರದು 55ಕ್ಕಿಂತ ಕೆಳಗಿರಬೇಕು.

ಭಯದ ಮಾತು ಕೇಳಿ ಮಾತ್ರೆ ಬಿಡುವವರು ನಮ್ಮಲ್ಲಿ ಮಾತ್ರ ಇಲ್ಲ. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಸ್ಟಾಟಿನ್ ವಿರುದ್ಧ ಒಂದು ಟಿವಿ ಕಾರ್ಯಕ್ರಮ ಬಂತು. ಅದಾದ ತಿಂಗಳುಗಳಲ್ಲಿ ಸುಮಾರು 60 ಸಾವಿರ ಮಂದಿ ಸ್ಟಾಟಿನ್‌ನಿಂದ ದೂರವಾದರೆಂದು ಅಲ್ಲಿನ ಸಂಶೋಧಕರು ಅಂದಾಜು ಮಾಡಿದರು. ಅಷ್ಟರಲ್ಲಿ ವಾಹಿನಿಯೇ ಆ ಕಾರ್ಯಕ್ರಮವನ್ನು ತನ್ನ ಜಾಲತಾಣದಿಂದ ತೆಗೆದುಹಾಕಿತ್ತು.

ನೀವೂ ಮಾತ್ರೆ ಬಿಟ್ಟು ಕೂತಿದ್ದರೆ, ಯಾಕೆ ಬಿಟ್ಟಿರಿ ಎಂದು ಬರೆದುಕೊಂಡು, ಮನೆಯಲ್ಲಿರುವ ಅಷ್ಟೂ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಈ ವಾರವೇ ನಿಮ್ಮ ವೈದ್ಯರನ್ನು ಕಾಣಿ. ಬಿಟ್ಟದ್ದಕ್ಕೆ ಬೈದಾರೆಂಬ ಅಂಜಿಕೆಯಿಂದ ತಡಮಾಡಬೇಡಿ.